ಶೇಳಗಾಂವದ ದಾರಿಕಟ್ಟು

ಹುಬ್ಬಳ್ಳಿ
೩೦ ಫೆಬ್ರವರಿ ೨೧೯೧

ನನಗಿಂತ ನೂರಾ ಅರುವತ್ತು ವರ್ಷ ಮುಂಚೆ ಲಾರಿ ಓಡಿಸುತ್ತಿರುವ, ಲಾರಿಗೆ ದಾರಿ ಗೊತ್ತುಮಾಡುತ್ತಿರುವ ಹಿರಿಯರಿಗೆ ನೀಲವ್ವ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಪಂಚಾಂಗವನ್ನು ತಿದ್ದಿದರು, ಅಂದಿನಿಂದ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಮ್ಮ ರಸ್ತೆ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ನಿವೃತ್ತಿಯಾಗುವವರು ಹೋಗುವ ಮುಂಚೆ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದಿಟ್ಟು ಹೋಗಬೇಕು. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ಯಾರಿಗೆ ಮುಟ್ಟುತ್ತದೋ ಯಾರಿಗೂ ತಿಳಿಯದು. ಬಹಳ ಜನ ನಾಲ್ಕು ಸಾಲು ಗೀಚಿ ಸಹಿ ಹಾಕುತ್ತಾರೆ. ನಾನೂ ಹಾಗೆಯೇ ಮಾಡಬೇಕೆಂದಿದ್ದೆ. ಆದರೆ ಎಂಟು ವರ್ಷದ ಹಿಂದಿನ ಮೂರು ದಿನಗಳನ್ನು ಯಾರಿಗಾದರೂ ಪೂರ್ತಿ ಹೇಳದೆ ಮನೆಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ನಾನು ಮೂವತ್ತಾರು ವರ್ಷ ದಾರಿಕಟ್ಟು ಬರೆದವಳು. ದಾರಿಕಟ್ಟು ಎಂದರೆ ಒಂದು ಲಾರಿ ಹೊರಡುವ ಮುಂಚೆ ಅದಕ್ಕಾಗಿ ಸಿದ್ಧಪಡಿಸುವ ಪುಸ್ತಕ. ಯಾವ ರಸ್ತೆ, ಎಷ್ಟು ಅಗಲ, ಯಾವ ಸೇತುವೆ ಎಷ್ಟು ಟನ್ ತಡೆಯುತ್ತದೆ, ಯಾವುದರ ಕೆಳಗೆ ಎಷ್ಟು ಎತ್ತರ, ಡ್ರೈವರ್ ಎಲ್ಲಿ ಊಟ ಮಾಡಬೇಕು, ಎಲ್ಲಿ ಮಲಗಬೇಕು, ಯಾವ ರಾಜ್ಯದ ಪರ್ಮಿಟ್ ಎಷ್ಟು ಗಂಟೆಗೆ ಮುಗಿಯುತ್ತದೆ, ಎಲ್ಲವೂ ಅದರಲ್ಲಿರಬೇಕು. ರಾಜ್ಯಕ್ಕೊಂದು ಪರ್ಮಿಟ್ ಇನ್ನೂ ಇದೆ, ಹೌದು. ನದಿಗಳು ದಿಕ್ಕು ಬದಲಿಸಿದವು, ಆ ಕಾಗದ ಬದಲಾಗಲಿಲ್ಲ. ಪುಸ್ತಕದ ಕೊನೆಗೆ ನಾನು ಹೆಬ್ಬೆಟ್ಟು ಒತ್ತಬೇಕು. ದಾರಿಯಲ್ಲಿ ಏನಾದರೂ ಆದರೆ ಡ್ರೈವರ್ ಜೊತೆ ನಾನೂ ಕೋರ್ಟಿನಲ್ಲಿ ನಿಲ್ಲಬೇಕು.

ನಮ್ಮಲ್ಲಿ ಸಣ್ಣ ಲಾರಿಗಳು ತಾವಾಗಿಯೇ ಓಡುತ್ತವೆ. ಆದರೆ ನಲವತ್ತು ಟನ್ ದಾಟಿದ ಹೊರೆಗೆ ಮನುಷ್ಯನೇ ಸ್ಟೀರಿಂಗ್ ಹಿಡಿಯಬೇಕೆಂದು ಕಾನೂನು. ನಾಲ್ಕು ತಾಸಿಗಿಂತ ಹೆಚ್ಚು ಒಂದೇ ಸಮನೆ ಹಿಡಿಯುವಂತಿಲ್ಲ. ದೊಡ್ಡ ಹೊರೆ ಹೊತ್ತಿದ್ದರೆ ಬೆಳಕು ಹರಿದ ಮೇಲೆ ಹೊರಟು ಹೊತ್ತು ಮುಳುಗುವುದರೊಳಗೆ ನಿಲ್ಲಿಸಬೇಕು. ಇದರ ಮೇಲೆ ಉರಿಗಡುವು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರೂವರೆಯವರೆಗೆ ಭಾರದ ಲಾರಿ ಚಲಿಸಕೂಡದು. ಆ ಹೊತ್ತಿನಲ್ಲಿ ಡಾಂಬರು ಬೆಲ್ಲದ ಪಾಕದಂತಾಗಿರುತ್ತದೆ. ಹದಿನೈದು ವರ್ಷದ ಹಿಂದೆ ಉರಿಗಡುವು ಮೀರಿದ ಒಂದು ಲಾರಿ ರಸ್ತೆಯಲ್ಲಿ ಹೂತು, ವಾಲಿ, ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಮೇಲೆ ಬಿದ್ದಿತ್ತು. ಆ ಬಸ್ಸಿನವರ ಹೆಸರುಗಳು ನಮ್ಮ ಕಚೇರಿಯ ಗೋಡೆಯ ಮೇಲಿವೆ.

೨೧೮೩ರ ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಸಾಗಾಣಿಕೆ ಮಂಡಿಯ ಮುಖ್ಯಸ್ಥ ಬಸವಣ್ಣೆಪ್ಪ ಅಂಗಡಿ ನನ್ನನ್ನು ಕರೆದರು. ಸೊಲ್ಲಾಪುರದ ಆಚೆಗಿರುವ ಶೇಳಗಾಂವದಲ್ಲಿ ಸೋಸುಕೊಳಗ ಸೀಳಿಹೋಗಿತ್ತು. ನದಿಯ ನೀರನ್ನು ಕುಡಿಯುವಂತೆ ಮಾಡುವ, ಮನೆಯಷ್ಟು ದೊಡ್ಡ ಉಕ್ಕಿನ ಪಾತ್ರೆ ಅದು. ಮೂರು ಲಕ್ಷ ಜನರ ಊರಿಗೆ ಅದೊಂದೇ. ತೊಟ್ಟಿಗಳಲ್ಲಿದ್ದ ನೀರು ಶುಕ್ರವಾರ ಸಂಜೆಯವರೆಗೆ ಮಾತ್ರ. ಹೊಸ ಕೊಳಗ ಹುಬ್ಬಳ್ಳಿಯಲ್ಲಿ ಸಿದ್ಧವಿತ್ತು. ತೂಕ ನಲವತ್ತನಾಲ್ಕು ಟನ್, ಲಾರಿ ಸೇರಿ ಅರುವತ್ತೆಂಟು. ಟ್ರೇಲರ್ ಮೇಲೆ ಕೂರಿಸಿದರೆ ನೆಲದಿಂದ ಎತ್ತರ ಐದು ಮೀಟರ್ ಹದಿನೈದು ಸೆಂಟಿಮೀಟರ್.

ಆ ಊರಿನಲ್ಲಿ ನನ್ನ ಅಕ್ಕ ಶಿವಲೀಲಾ ಇದ್ದಳು. ಅವಳಿಗೆ ಎರಡೂ ಕಿಡ್ನಿ ಹೋಗಿ ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳಬೇಕು, ಆ ಯಂತ್ರಕ್ಕೆ ಕೊಡಗಟ್ಟಲೆ ಶುದ್ಧ ನೀರು ಬೇಕು. ಅವಳ ಮುಂದಿನ ಸರದಿ ಶನಿವಾರ ಬೆಳಿಗ್ಗೆ ಆರಕ್ಕೆ ಇತ್ತು.

ದಾರಿ ಎರಡಿದ್ದವು. ಸೊಲ್ಲಾಪುರ ದಾಟಿದ ಮೇಲೆ ಒಂದು ಹಳ್ಳದ ಮೇಲಿನ ಹಳೆಯ ಸೇತುವೆಯಿಂದ ಹೋದರೆ ಒಟ್ಟು ನಾನೂರ ನಲವತ್ತು ಕಿಲೋಮೀಟರ್, ಶುಕ್ರವಾರ ಬೆಳಿಗ್ಗೆ ಎಂಟರೊಳಗೆ ಶೇಳಗಾಂವ. ಆ ಸೇತುವೆ ಎಪ್ಪತ್ತೈದು ಟನ್ ತಡೆಯುತ್ತದೆಂದು ದಾಖಲೆಯಿತ್ತು, ಆದರೆ ಅದರ ತಪಾಸಣೆಯ ಅವಧಿ ನಾಲ್ಕು ತಿಂಗಳ ಹಿಂದೆ ಮುಗಿದಿತ್ತು. ಇನ್ನೊಂದು ದಾರಿಗೆ ಎಂಬತ್ತೈದು ಕಿಲೋಮೀಟರ್ ಹೆಚ್ಚು ಸುತ್ತು. ಅದರಲ್ಲಿ ಎಲ್ಲ ಕಾಗದಗಳೂ ಸರಿಯಾಗಿದ್ದವು. ಶುಕ್ರವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಲಾರಿ ಊರು ಸೇರುತ್ತಿತ್ತು. ಕೊಳಗ ಕೂರಿಸಲು ಹನ್ನೆರಡು ತಾಸು. ಹೇಗೆ ಲೆಕ್ಕ ಹಾಕಿದರೂ ಅಕ್ಕನ ಸರದಿಗೆ ನೀರು ಬರುತ್ತಿತ್ತು. ನಾನು ಸುತ್ತು ದಾರಿಗೆ ಹೆಬ್ಬೆಟ್ಟು ಒತ್ತಿದೆ.

ಬಸವಣ್ಣೆಪ್ಪನವರು ಪುಟ ತಿರುಗಿಸಿ ನನ್ನ ಮುಖ ನೋಡಿದರು. "ನಾಕ ತಿಂಗಳದಾಗ ಸೇತುವಿ ಕರಗಿ ಹೋಗತೈತೇನ ನೀಲವ್ವಾ?"

"ಕರಗಿಲ್ಲಂತ ಬರದು ಕೊಡವ್ರು ಯಾರೂ ಇಲ್ರಿ ಸಾಹೇಬ್ರ. ನಾ ಒತ್ತಂಗಿಲ್ಲ" ಎಂದೆ.

ಬುಧವಾರ ಬೆಳಿಗ್ಗೆ ಆರಕ್ಕೆ ಲಾರಿ ಹೊರಟಿತು. ಸ್ಟೀರಿಂಗ್ ಹಿಡಿದವರು ದಾವಲ್‌ಸಾಬ ನದಾಫ್, ನವಲಗುಂದದವರು, ಐವತ್ತೆಂಟು ವರ್ಷ, ಹೆಚ್ಚು ಮಾತಿಲ್ಲದ ಮನುಷ್ಯ. ಹೊರಡುವ ಮುಂಚೆ ನಲವತ್ತೆಂಟು ಟೈರುಗಳನ್ನೂ ಒಂದೊಂದಾಗಿ ಕೈಯಿಂದ ಮುಟ್ಟಿ ನೋಡುವುದು ಅವರ ರೂಢಿ. ಯಂತ್ರ ಆ ಕೆಲಸವನ್ನು ಮೊದಲೇ ಮಾಡಿರುತ್ತದೆ ಎಂದು ಹುಡುಗರು ನಗುತ್ತಿದ್ದರು. ಮೊದಲ ದಿನ ವಿಜಯಪುರ ಸುಸೂತ್ರವಾಗಿ ಮುಟ್ಟಿದರು. ಎರಡನೆಯ ದಿನ ಗಡಿಯಲ್ಲಿ ಮಹಾರಾಷ್ಟ್ರದ ಬೆಂಗಾವಲಿಗೆ ಪ್ರಮಿಳಾ ವಾಘಮಾರೆ ಎಂಬ ಪೊಲೀಸ್ ಹವಾಲ್ದಾರರು ಕೂಡಿಕೊಂಡರು.

ಗುರುವಾರ ಸಂಜೆ ನಾಲ್ಕೂವರೆಗೆ ಅಕ್ಕ ಫೋನು ಮಾಡಿದಳು. ಆಸ್ಪತ್ರೆಯವರು ನೀರನ್ನು ಉಳಿಸಲು ಆವತ್ತಿನ ಸರದಿಯನ್ನು ಅರ್ಧಕ್ಕೆ ನಿಲ್ಲಿಸಿದ್ದರಂತೆ. ಉಸಿರು ಎಳೆದೆಳೆದು ಮಾತಾಡುತ್ತಿದ್ದಳು. "ಸಣ್ಣ ದಾರಿ ಐತಂತಲ್ಲ. ಇಲ್ಲೆ ಎಲ್ಲಾರೂ ಅದನ್ನ ಮಾತಾಡಾಕತ್ತಾರ. ನೀನ ಬಿಡವಲ್ಲಿ ಅಂತ. ಖರೇ ಏನ?"

"ಖರೇ" ಎಂದೆ. ಅವಳು ಫೋನು ಇಟ್ಟಳು.

ಐದು ಗಂಟೆಗೆ ದಾವಲ್‌ಸಾಬರ ಕರೆ ಬಂತು. ಲಾರಿ ಎರಡು ದಾರಿಗಳು ಕವಲೊಡೆಯುವ ಜಾಗದಲ್ಲಿ ನಿಂತಿತ್ತು. "ಅಕ್ಕಾರ, ಸಾಹೇಬ್ರು ಈಗ ಫೋನ್ ಮಾಡಿದ್ರು. ಸಣ್ಣ ದಾರಿಗೆ ಹೊಳ್ಳು ಅಂದಾರ. ನಿಮ್ಮ ಪುಸ್ತಕದಾಗ ದೊಡ್ಡ ದಾರಿ ಐತಿ. ಯಾರ ಮಾತ ಕೇಳಲಿ?"

ನನ್ನ ಕಣ್ಣ ಮುಂದೆ ಸೇತುವೆಯೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಬಾತ ಪಾದಗಳನ್ನು ಮಂಚದ ಅಂಚಿಗೆ ಇಳಿಬಿಟ್ಟು ಕೂತ ಅಕ್ಕ ಇದ್ದಳು. ಸೇತುವೆ ತಡೆಯುತ್ತದೆ ಎಂದು ನನ್ನ ಅನುಭವ ಹೇಳುತ್ತಿತ್ತು. ತಡೆಯದಿದ್ದರೆ ಅಕ್ಕನಿಗಾಗಿ ಈ ಮನುಷ್ಯನನ್ನು ಹಳ್ಳಕ್ಕೆ ಕಳಿಸಿದಂತಾಗುತ್ತಿತ್ತು. ಅವರಿಗೂ ಮನೆಯಲ್ಲಿ ಯಾರೋ ಇದ್ದರು.

"ದೊಡ್ಡ ದಾರಿಗೆ ಹೋಗ್ರಿ. ಸಾಹೇಬ್ರು ಕೇಳಿದ್ರ ನಾ ಹೇಳೇನಿ ಅನ್ರಿ."

"ಆತ್ರಿ" ಎಂದರು. ಅಷ್ಟೇ. ಹೊತ್ತು ಮುಳುಗುವ ಮುಂಚೆ ಅವರು ಪುಸ್ತಕದಲ್ಲಿದ್ದ ತಂಗುದಾಣದಲ್ಲಿ ಲಾರಿ ನಿಲ್ಲಿಸಿದರು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ಈಕೆ ತನ್ನ ದೊಡ್ಡತನ ಹೇಳಿಕೊಳ್ಳುತ್ತಿದ್ದಾಳೆ ಎಂದು ನಿಮಗನ್ನಿಸಿದರೆ ಸ್ವಲ್ಪ ತಡೆಯಿರಿ.

ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ದಾವಲ್‌ಸಾಬರು ಮತ್ತೆ ಕರೆ ಮಾಡಿದರು. ಶೇಳಗಾಂವ ಇನ್ನು ಐವತ್ತಮೂರು ಕಿಲೋಮೀಟರ್. ಮುಂದೆ ಒಂದು ರೈಲು ಸೇತುವೆ, ರಸ್ತೆ ಅದರ ಕೆಳಗೆ ಹಾದುಹೋಗುತ್ತದೆ. ಅವರು ಅದಕ್ಕಿಂತ ಇನ್ನೂರು ಮೀಟರ್ ಹಿಂದೆಯೇ ಲಾರಿ ನಿಲ್ಲಿಸಿದ್ದರು.

"ಯಾಕ ನಿಂತ್ರಿ?"

"ಇಲ್ಲೆ ಹೊಸಾ ಡಾಂಬರ ಬಿದ್ದೈತ್ರಿ ಅಕ್ಕಾರ. ರಸ್ತಾ ಎತ್ತರಾಗೇತಿ ಅನಸ್ತೈತಿ."

ನನ್ನ ಪುಸ್ತಕದಲ್ಲಿ ಆ ಸೇತುವೆಯ ಕೆಳಗಿನ ಎತ್ತರ ಐದು ಮೀಟರ್ ಮೂವತ್ತೈದು. ಇಪ್ಪತ್ತು ಸೆಂಟಿಮೀಟರ್ ಖಾಲಿ ಜಾಗ. ಆ ಅಳತೆಯ ಅವಧಿ ಇನ್ನೂ ಆರು ತಿಂಗಳಿತ್ತು, ಮೊಹರಿತ್ತು, ಸಹಿಯಿತ್ತು. ಗೋಡೆಯ ಗಡಿಯಾರ ನನ್ನ ತಲೆಯೊಳಗೇ ಬಡಿಯುತ್ತಿತ್ತು. ಆಗ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಕಾಗದ ಸರಿ ಐತ್ರಿ. ಅನಸೂದ ಗಿನಸೂದ ಬಿಡ್ರಿ, ಟೈಮ್ ಇಲ್ಲ. ಹೋಗ್ರಿ."

"ಲಾರಿ ಕಾಗದದ ಮ್ಯಾಲೆ ನಡ್ಯಾಂಗಿಲ್ರಿ ಅಕ್ಕಾರ. ನಾ ಇಳದು ಅಳೀತೇನಿ. ಸಿಟ್ಟಾದ್ರ ಆಗ್ರಿ."

ನಾನು ಸಿಟ್ಟಾದೆ. ನನ್ನ ಎದುರು ಕೂತಿದ್ದವರು ಕೇಳುವಷ್ಟು ಜೋರಾಗಿ ಬೈದೆ. ಅವರು ಅದಕ್ಕೆ ಉತ್ತರ ಕೊಡದೆ ಫೋನನ್ನು ಸೀಟಿನ ಮೇಲಿಟ್ಟು ಇಳಿದುಹೋದರು. ಕ್ಯಾಬಿನ್ನಿನ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ ಬಿದಿರಿನ ಕೋಲಿಗೆ ಅಳತೆಯ ಪಟ್ಟಿ ಸುತ್ತಿ, ಪ್ರಮಿಳಾ ಅವರನ್ನು ಜೊತೆಗೆ ಕರೆದುಕೊಂಡು ಸೇತುವೆಯ ಕೆಳಗೆ ಮೂರು ಕಡೆ ಅಳೆದರು. ಹನ್ನೊಂದು ನಿಮಿಷವಾದ ಮೇಲೆ ಫೋನು ಎತ್ತಿದವರು ಪ್ರಮಿಳಾ. ಸೊಲ್ಲಾಪುರದವರಾದ್ದರಿಂದ ಕನ್ನಡ ಬರುತ್ತಿತ್ತು.

"ಬಾಯೀ, ಬಲಕ್ಕ ಐದು ಹನ್ನೆರಡು. ನಡುವ ಐದು ಹತ್ತು. ಎಡಕ್ಕ ಐದು ಎಂಟು. ನಿಮ್ಮ ಮಾಲು ಐದು ಹದಿನೈದು. ಮತ್ತ ಮ್ಯಾಲೆ ಈಗ ಪ್ಯಾಸೆಂಜರ್ ರೈಲು ಹೋತು."

ಏಪ್ರಿಲ್ ತಿಂಗಳಲ್ಲಿ ಯಾರೋ ಗುತ್ತಿಗೆದಾರರು ಹಳೆಯ ಡಾಂಬರು ಕೆತ್ತದೆ ಅದರ ಮೇಲೆಯೇ ಎರಡು ಪದರ ಹಾಕಿದ್ದರು, ಯಾರಿಗೂ ತಿಳಿಸಿರಲಿಲ್ಲ. ಕಾನೂನಿನ ಕಣ್ಣಿಗೆ ಆ ಅಳತೆ ಜೀವಂತವಾಗಿತ್ತು, ನೆಲದ ಮೇಲೆ ಯಾವಾಗಲೋ ಸತ್ತಿತ್ತು. ಅವರು ನನ್ನ ಮಾತು ಕೇಳಿದ್ದರೆ ಅರುವತ್ತೆಂಟು ಟನ್ ಭಾರ ಜನರಿದ್ದ ರೈಲಿನ ಕೆಳಗಿನ ತೊಲೆಗೆ ಗುದ್ದುತ್ತಿತ್ತು.

ಲಾರಿಯನ್ನು ಹಿಂದೆ ತಿರುಗಿಸುವ ಹಾಗಿರಲಿಲ್ಲ. ಹಿಂದೆ ಎರಡು ಕಿಲೋಮೀಟರ್ ವಾಹನಗಳ ಸಾಲು, ಬೇರೆ ರಸ್ತೆ ಬೇಕಾದರೆ ಒಂದು ದಿನದ ಸುತ್ತು. "ಟ್ರೇಲರಿನ ಗಾಳಿಚೀಲ ಪೂರ್ತಿ ಇಳಿಸಿದ್ರ ಆರು ಸೆಂಟಿಮೀಟರ್ ತಗ್ಗತೈತ್ರಿ" ಎಂದರು ದಾವಲ್‌ಸಾಬರು. "ಟೈರಿನ ಗಾಳಿ ಇಳಿಸಿದ್ರ ಇನ್ನೊಂದು ಐದು. ನಡುವ ಹೋದ್ರ ಆರು ಬೆರಳು ಸಂದಿ ಉಳದಂಗ ಅನ್ರಿ, ಎಡಕ್ಕ ನಾಕು."

"ಬೆರಳಲ್ಲ, ಸೆಂಟಿಮೀಟರ್" ಎಂದೆ.

"ಹೌದ್ರಿ. ಹೆಸರು ದೊಡ್ಡದು ಮಾಡ್ಕೊಂಡ್ರ ಧೈರ್ಯ ಬರತೈತಿ."

ನಾನು ರೈಲ್ವೆಯವರಿಗೆ ಫೋನು ಹಚ್ಚಿದೆ. ಮೇಲೆ ರೈಲು ಹಾಯದಂತೆ ಅರ್ಧ ತಾಸು ಬೇಕು, ಬರಹದಲ್ಲಿ ಬೇಕು. ಅವರು ಮೊದಲು ಆಗದು ಎಂದರು. ಶೇಳಗಾಂವದ ನೀರಿನ ಮಾತು ಹೇಳಿದೆ, ಅಕ್ಕನ ಮಾತು ಹೇಳಲಿಲ್ಲ. ಹತ್ತೂವರೆಗೆ ಒಪ್ಪಿಗೆ ಬಂತು, ಹನ್ನೊಂದು ಇಪ್ಪತ್ತರಿಂದ ಹನ್ನೊಂದು ಐವತ್ತರವರೆಗೆ. ನಾನು ದಾರಿಕಟ್ಟಿನ ಆ ಪುಟವನ್ನು ಹೊಸ ಅಳತೆಗಳೊಂದಿಗೆ ಮತ್ತೆ ಬರೆದು, ಹೆಬ್ಬೆಟ್ಟು ಒತ್ತಿ ಕಳಿಸಿದೆ. ನನ್ನ ಹೆಬ್ಬೆಟ್ಟು ಆ ದಿನ ಎರಡು ಸಲ ಜಾರಿತು, ಬೆವರಿಗೆ.

ಹನ್ನೊಂದು ಇಪ್ಪತ್ತೆರಡಕ್ಕೆ ಲಾರಿ ಚಲಿಸಿತು. ನೆಲಕ್ಕೆ ಕುಳಿತ ಟೈರುಗಳ ಮೇಲೆ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ. ಪ್ರಮಿಳಾ ರಸ್ತೆಯಲ್ಲಿ ಹಿಮ್ಮುಖವಾಗಿ ನಡೆಯುತ್ತ, ಕೊಳಗದ ನೆತ್ತಿ ನೋಡುತ್ತ, "ಬರ್‍ರಿ... ಬರ್‍ರಿ... ಥಾಂಬಾ! ನಿಲ್ಲ್ರಿ" ಎಂದು ಕೂಗುತ್ತಿದ್ದದ್ದು ಫೋನಿನಲ್ಲಿ ಕೇಳುತ್ತಿತ್ತು. ಒಂದು ಸಲ ಏನೋ ಕಿರ್ ಎಂದಿತು. ಕೊಳಗದ ಮೇಲೆ ಕಟ್ಟಿದ್ದ ಟಾರ್ಪಾಲಿನ ಗುಂಡಿ ತೊಲೆಗೆ ಸವರಿತ್ತಂತೆ. ದಾವಲ್‌ಸಾಬರು ನಿಲ್ಲಿಸಿದರು, ಒಂದು ಗೇಣು ಹಿಂದೆ ಸರಿದರು, ಅಂಗೈಯಷ್ಟು ಬಲಕ್ಕೆ ಹಿಡಿದರು. ಆ ಇಪ್ಪತ್ತು ನಿಮಿಷ ಬಸವಣ್ಣೆಪ್ಪನವರು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು.

"ದಾಟಿದ್ವಿ" ಎಂದರು ದಾವಲ್‌ಸಾಬರು. ಗಂಟೆ ಹನ್ನೊಂದು ನಲವತ್ತಮೂರು.

ಟೈರುಗಳಿಗೆ ಮತ್ತೆ ಗಾಳಿ ತುಂಬಿಸುವಷ್ಟರಲ್ಲಿ ಹನ್ನೆರಡು ದಾಟಿತು, ಉರಿಗಡುವು ಬಿತ್ತು. ಬಸವಣ್ಣೆಪ್ಪನವರು ಈಗ ಜೋರು ಮಾಡಲಿಲ್ಲ, ಮೆಲ್ಲಗೆ ಕೇಳಿದರು. "ಐವತ್ತು ಕಿಲೋಮೀಟರ್ ಅಷ್ಟ. ಯಾರೂ ತಡ್ಯಾಂಗಿಲ್ಲ. ನಿಮ್ಮ ಅಕ್ಕ ಅದಾಳಲ್ಲ ಅಲ್ಲೆ." ನಾನು ಉತ್ತರ ಕೊಡುವ ಮುಂಚೆಯೇ ಫೋನಿನಲ್ಲಿ ದಾವಲ್‌ಸಾಬರ ದನಿ ಬಂತು. "ಡಾಂಬರದಾಗ ನನ್ನ ಚಪ್ಪಲಿ ಅಂಟಿಕೊಳ್ಳಾಕತ್ತೇತ್ರಿ ಸಾಹೇಬ್ರ." ಮೂರೂವರೆ ತಾಸು ಅವರು ಆ ಸೇತುವೆಯ ನೆರಳಿನಲ್ಲಿ ಕೂತರು. ಅವರ ಹತ್ತಿರ ಇದ್ದ ಕುಡಿಯುವ ನೀರನ್ನು ಹಿಂದೆ ಸಿಕ್ಕಿಬಿದ್ದಿದ್ದ ಬಸ್ಸಿನ ಜನಕ್ಕೆ ಕೊಟ್ಟರಂತೆ.

ಸಂಜೆ ಐದು ನಲವತ್ತಕ್ಕೆ ಕೊಳಗ ಶೇಳಗಾಂವ ಮುಟ್ಟಿತು. ಕೂರಿಸಿ, ಕೊಳವೆ ತುಂಬಿ, ಆಸ್ಪತ್ರೆಗೆ ನೀರು ಬಂದಾಗ ಶನಿವಾರ ಮಧ್ಯಾಹ್ನ. ಅಕ್ಕನ ಸರದಿ ತಪ್ಪಿತು. ಕಾದವರ ಸಾಲು ಉದ್ದವಿತ್ತು, ಅವಳನ್ನು ಭಾನುವಾರ ಬೆಳಿಗ್ಗೆ ಯಂತ್ರಕ್ಕೆ ಹಾಕಿದರು. ಅಷ್ಟರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ, ಎರಡು ಸಲ ಪ್ರಜ್ಞೆ ತಪ್ಪಿತ್ತು. ಬದುಕಿದಳು. ಅದೇ ವಾರ್ಡಿನ ಒಬ್ಬ ಹಿರಿಯರು, ವಿಠೋಬಾ ಜಗದಾಳೆ ಎಂಬ ನಿವೃತ್ತ ಮೇಷ್ಟ್ರು, ಶನಿವಾರ ಸಂಜೆ ತೀರಿಕೊಂಡರು. ನೀರು ಬೇಗ ಬಂದಿದ್ದರೆ ಅವರು ಉಳಿಯುತ್ತಿದ್ದರೇ ಎಂದು ವೈದ್ಯರನ್ನು ನಾನೇ ಕೇಳಿದೆ. ಹೇಳಲಾಗದು ಎಂದರು.

ಆ ಹಳ್ಳದ ಸೇತುವೆಯನ್ನು ಮರುತಿಂಗಳು ತಪಾಸಣೆ ಮಾಡಿದರು. ಅದು ಗಟ್ಟಿಯಾಗಿತ್ತು. ಇಂದಿಗೂ ನಿಂತಿದೆ.

ಅಕ್ಕ ನನ್ನ ಜೊತೆ ಐದು ತಿಂಗಳು ಮಾತು ಬಿಟ್ಟಳು. ಆಮೇಲೆ ಒಂದು ದಿನ ತಾನಾಗಿಯೇ ಫೋನು ಮಾಡಿ, "ಸೇತುವಿ ಗಟ್ಟಿ ಇತ್ತಂತಲ್ಲ" ಎಂದಳು. "ಹೌದು" ಎಂದೆ. "ಮೊದಲ ಗೊತ್ತಿತ್ತೇನ ನಿನಗ?" "ಇಲ್ಲ." "ಹಂಗಾರ ನಾನೂ ಏನ ಅನ್ಲಿ" ಎಂದಳು. ಆರು ವರ್ಷ ಬದುಕಿದ್ದಳು ಆಮೇಲೆ. ಆ ವಿಷಯ ಮತ್ತೆ ತೆಗೆಯಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

ನನ್ನ ವಿಚಾರ ಹೇಳುತ್ತೇನೆ. ಕೊಳಗ ಮುಟ್ಟಿದ ಮರುದಿನ ನಾನು ಕಚೇರಿಗೆ ಒಂದು ಪುಟದ ವರದಿ ಬರೆದುಕೊಟ್ಟೆ. ಡ್ರೈವರ್ ಸಂಶಯ ಬಂದು ನಿಲ್ಲಿಸಿದಾಗ ಅಳೆಯಬೇಡಿ, ಹೋಗಿ ಎಂದು ನಾನು ಹೇಳಿದೆ, ಅವರು ಕೇಳದ್ದರಿಂದ ರೈಲು ಉಳಿಯಿತು ಎಂದು. ಬಸವಣ್ಣೆಪ್ಪನವರು ಅದನ್ನು ಹರಿದುಹಾಕಲು ಹೇಳಿದರು, ನಾನು ಕೇಳಲಿಲ್ಲ. ಆರು ತಿಂಗಳು ನನ್ನನ್ನು ಅಮಾನತಿನಲ್ಲಿಟ್ಟರು. ಮರುವರ್ಷ ಕಾನೂನಿಗೆ ಒಂದು ಸಾಲು ಸೇರಿತು. ಸ್ಟೀರಿಂಗ್ ಹಿಡಿದವರು ನಿಲ್ಲಿಸಿದರೆ, ಅವರು ಒಪ್ಪುವವರೆಗೆ ಲಾರಿಯನ್ನು ಹೊರಡಿಸುವ ಅಧಿಕಾರ ಕಚೇರಿಯಲ್ಲಿ ಕೂತವರಿಗೆ ಇಲ್ಲ.

ಅಮಾನತಿನ ದಿನಗಳಲ್ಲಿ ನವಲಗುಂದಕ್ಕೆ ಹೋಗಿ ದಾವಲ್‌ಸಾಬರನ್ನು ಕಂಡೆ. ತಪ್ಪಾಯಿತು ಎಂದೆ. ಅವರ ಹೆಂಡತಿ ಚಹಾ ತಂದಿಟ್ಟರು. ದಾವಲ್‌ಸಾಬರು ಚಹಾದ ಬಸಿಯನ್ನು ನನ್ನ ಕಡೆ ಸರಿಸುತ್ತ, "ನೀವು ಬೈದದ್ದಕ್ಕ ಬ್ಯಾಸರಿಲ್ರಿ ಅಕ್ಕಾರ. ಎಲ್ಲಾರೂ ಬೈತಾರ. ಬೈದದ್ದನ್ನ ಬರದು ಕೊಟ್ಟವ್ರನ್ನ ಇವತ್ತ ನೋಡಿದೆ" ಎಂದರು.

ನಮ್ಮ ದಾಖಲೆಕೋಣೆಯಲ್ಲಿ ನಿಮ್ಮ ಕಾಲದ ಟ್ರಿಪ್ ಶೀಟುಗಳಿವೆ. ಓದಿದ್ದೇನೆ. ಎರಡು ಹಗಲು ಒಂದು ರಾತ್ರಿ ಒಬ್ಬನೇ ಓಡಿಸಿದ ಲೆಕ್ಕ, ಚೆಕ್‌ಪೋಸ್ಟು ತಪ್ಪಿಸಲು ಹಿಡಿದ ಹಳ್ಳಿ ರಸ್ತೆಗಳು, ತೂಕದ ಚೀಟಿಯಲ್ಲಿ ತಿದ್ದಿದ ಅಂಕಿಗಳು, ಕೆಲವು ಹಾಳೆಗಳು ಅರ್ಧಕ್ಕೇ ನಿಂತಿವೆ. ಆ ಅರ್ಧಕ್ಕೆ ನಿಂತ ಹಾಳೆಗಳಲ್ಲಿ ಹೆಸರುಗಳೂ ಇವೆ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಏಕೆಂದು ಮೇಲೆ ಬರೆದಿದ್ದೇನೆ. ಪರ್ಮಿಟ್ಟುಗಳನ್ನು ಹೊರಡುವ ಮುಂಚೆ ಕೈಗೆ ತೆಗೆದುಕೊಳ್ಳಿ, ತೂಕ ಸುಳ್ಳು ಬರೆಯಬೇಡಿ, ನಿದ್ದೆಯ ತಾಸುಗಳನ್ನು ದಾರಿಯಲ್ಲೇ ಸೇರಿಸಿ ಲೆಕ್ಕ ಹಾಕಿ ಎಂದೆಲ್ಲ ನಿಮ್ಮ ಕಾನೂನೂ ಹೇಳುತ್ತದೆ. ನನ್ನದು ಇದಕ್ಕಿಂತ ಸಣ್ಣ ಬೇಡಿಕೆ.

ಕಚೇರಿಯ ತಂಪಿನಲ್ಲಿ ಕೂತು ಯಾರಿಗೋ ದಾರಿ ಹೇಳುವವರು ನೀವಾಗಿದ್ದರೆ, ಈ ಕಾಗದ ಮಡಿಚಿಟ್ಟು ನಿಮ್ಮ ಲಾರಿ ಈಗ ಎಲ್ಲಿದೆಯೋ ಅಲ್ಲಿಗೆ ಒಂದು ಫೋನು ಮಾಡಿ. ಊಟವಾಯಿತೇ ಎಂದು ಕೇಳಿ. ನಿದ್ದೆ ಆಯಿತೇ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿದ ಮೇಲೆ, ಎಲ್ಲಿಗೆ ಬಂದಿರಿ ಎಂದು ಕೇಳಿ.

ಇನ್ನೂ ಹುಟ್ಟದ ನಿಮ್ಮವಳು,
ನೀಲವ್ವ